ದಣಿದ ನಾಯಿಗೆ ಗಾಡಿ

ಅವರ ಬಲ ಅಂಗೈಯಲ್ಲಿ ಹಗ್ಗ ಉಜ್ಜಿ ಉಜ್ಜಿ ಮೂಡಿದ ದಪ್ಪ ಗೆರೆಯೊಂದಿತ್ತು. "ಇದೇ ನನ್ನ ಆಯುಷ್ಯರೇಖೆ ಕಣಮ್ಮ, ಯಾವ ಜೋಯಿಸರಿಗೂ ಗೊತ್ತಾಗಲ್ಲ," ಎಂದು ನಗುತ್ತಿದ್ದರು. ಅವರು ಪರ್ತ್‌ನ ಕ್ಯಾನಿಂಗ್ಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್; ಮೈಸೂರಿನವರು, ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದು ನಿವೃತ್ತರಾದವರು. ಪರ್ತ್‌ನಲ್ಲಿ ಹಿಮ ಎಲ್ಲಿಂದ ಬರಬೇಕು? ಆದರೂ ಗುಂಡ ಎಂಬ, ಹಿಮಗಾಡಿ ಎಳೆಯುವ ಹಸ್ಕಿ ತಳಿಯ ನಾಯಿಯನ್ನು ಮೂರು ಚಕ್ರದ ಗಾಡಿಗೆ ಹಗ್ಗದಲ್ಲಿ ಕಟ್ಟಿ, ಚಳಿಗಾಲದ ಬೆಳಗ್ಗೆ ಕಾಡುಹಾದಿಯಲ್ಲಿ ಓಡಿಸುತ್ತಿದ್ದರು. ಅವರ ಹುಚ್ಚು ನನಗೂ ಹತ್ತಿತು.

ದಾರಿಯುದ್ದಕ್ಕೂ ಹಿಮಗಾಡಿ ಓಟದ ಚರಿತ್ರೆ. ಅಲಾಸ್ಕಾದ ಊರೊಂದಕ್ಕೆ ಕಾಯಿಲೆ ಬಡಿದಾಗ ನಾಯಿಗಳು ಸರದಿಯ ಮೇಲೆ ಔಷಧಿ ಸಾಗಿಸಿದ್ದನ್ನು ಹೇಳುವಾಗ ಅವರ ದನಿ ಏರುತ್ತಿತ್ತು: "ಕೊನೇ ಸರದೀಲಿ ಓಡಿದ ನಾಯಿಗೆ ಮೂರ್ತಿ ನಿಲ್ಲಿಸಿದ್ರು! ಎಲ್ಲಕ್ಕಿಂತ ದೂರ ಓಡಿದ್ದು ಬೇರೆ ನಾಯಿ. ನ್ಯಾಯಾನಾ?" ಮುಂದೆ ಹಿಮದ ಮೇಲೆ ಮೋಟಾರು ಗಾಡಿಗಳು ಬಂದು ನಾಯಿಗಳು ಮೂಲೆಗುಂಪಾದಾಗ, ಹಳೆಯ ಹಾದಿ ಮರೆಯಬಾರದೆಂದೇ ದೂರದ ಓಟ ಶುರುವಾಯಿತಂತೆ. ಆ ಓಟದ ಒಂದು ಪದ್ಧತಿಯನ್ನಂತೂ ಮಂತ್ರದಂತೆ ಹೇಳುತ್ತಿದ್ದರು: "ನಾಯಿ ಸುಸ್ತಾದ್ರೆ ಗಾಡಿಗೆ ಹತ್ತಿಸ್ಕೋಬೇಕು. ದಾರೀಲಿ ಬಿಟ್ಟು ಬರೋನು ಮನುಷ್ಯನೇ ಅಲ್ಲ."

ವಯಸ್ಸಾಗಿ ಗುಂಡ ಕುಂಟತೊಡಗಿದ ದಿನ ಅವನನ್ನು ಗಾಡಿಯಲ್ಲಿ ಕೂರಿಸಿ ನಾವಿಬ್ಬರೂ ಎಳೆದುಕೊಂಡು ಬಂದೆವು. ಅಂಕಲ್ ಏದುಸಿರು ಬಿಡುತ್ತಲೇ, "ನೋಡು, ಮಹಾರಾಜನ ಥರ ಕೂತಿದಾನೆ ಬಡ್ಡೀಮಗ!" ಎಂದು ಮುದ್ದಿಸಿದ್ದರು.

ನಾನು ಕೆಲಸದ ಮೇಲೆ ಬ್ರಿಸ್ಬೇನ್‌ಗೆ ಹೋಗಿದ್ದಾಗ ಅವರು ಮನೆ ಖಾಲಿ ಮಾಡಿ ಅಡಿಲೇಡ್‌ಗೆ, ಮಗಳ ಫ್ಲ್ಯಾಟಿಗೆ ಹೊರಟುಬಿಟ್ಟರು. ಸುದ್ದಿ ತಿಳಿದು ಬ್ರಿಸ್ಬೇನ್‌ನ ಟೂವಾಂಗ್ ಬಡಾವಣೆಯ ಬಾಡಿಗೆ ಕೋಣೆಯಿಂದ ಫೋನ್ ಮಾಡಿದೆ.

"ಗುಂಡ ಎಲ್ಲಿ ಅಂಕಲ್?"

"ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಇಂಜೆಕ್ಷನ್ ಕೊಡಿಸ್ಬಿಟ್ಟೆ ಕಣಮ್ಮ. ಹೋಗ್ಬಿಟ್ಟ. ಇಲ್ಲಿ ಫ್ಲ್ಯಾಟಲ್ಲಿ ನಾಯಿ ಬಿಡಲ್ಲ."

"ಅಯ್ಯೋ, ನಾನು ಸಾಕ್ತಿದ್ದೆನಲ್ಲ! ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಹೂಂ ಅಂದ್ಬಿಡ್ತಿದ್ದೆ. ಅವನು ಇನ್ನೊಬ್ಬರ ಕೈಗೆ ಹೋಗೋದು ನನ್ನಿಂದ ನೋಡಕ್ಕಾಗ್ತಿರಲಿಲ್ಲ."

ಇನ್ನೊಬ್ಬರು! ಅಷ್ಟು ಚಳಿಗಾಲ ಅದೇ ಹಗ್ಗ ಹಿಡಿದ ನಾನು ಇನ್ನೊಬ್ಬಳು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ಆಮೇಲೆ ಅವರ ಫೋನ್ ಬಂದರೂ ನಾನು ಎತ್ತಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿದಳು. "ಅಪ್ಪ ಆಸ್ಪತ್ರೇಲಿದಾರೆ ಅಕ್ಕ. ನಿಮ್ಮನ್ನೇ ಕೇಳ್ತಿದಾರೆ."

ಹೋಗಬಾರದೆಂದೇ ಇದ್ದೆ. ಹೋದೆ. ಆ ಅಂಗೈ ಹಿಡಿದು ಕೂತೆ. ಗೆರೆ ಹಾಗೇ ಇತ್ತು. "ತಪ್ಪಾಯ್ತು ಕಣಮ್ಮ," ಎಂದರು. ಪರವಾಗಿಲ್ಲ ಎನ್ನಲು ನನ್ನಿಂದಾಗಲಿಲ್ಲ, ಈಗಲೂ ಆಗದು. ಆದರೆ ಅವರ ಉಸಿರು ನಿಲ್ಲುವ ತನಕ ಕೈ ಬಿಡಲಿಲ್ಲ. ದಣಿದವರನ್ನು ದಾರಿಯಲ್ಲಿ ಬಿಟ್ಟು ಬರಬಾರದೆಂದು ನನಗೆ ಕಲಿಸಿದವರು ಅವರೇ.