ಹಲ್ಲು ಬಿದ್ದ ವರ್ಷದ ಖೀಮಾ

ಬಾಣಲೆಯಲ್ಲಿ ಖೀಮಾ ಬಿಟ್ಟ ನೀರೆಲ್ಲ ಇಂಗಿ, ತಳಕ್ಕೆ ಹಿಡಿಯಲು ಶುರುವಾಗುವ ಹೊತ್ತಿಗೆ ಒಂದು ವಾಸನೆ ಬರುತ್ತದೆ. ಸೀದ ವಾಸನೆಯಲ್ಲ, ಸೀಯುವುದಕ್ಕೆ ಸ್ವಲ್ಪ ಮುಂಚಿನದು. ಕೆಲಸ ಮುಗಿಸಿ ತೀರ್ಥಹಳ್ಳಿಯ ಮನೆಗೆ ಬಂದು, ಉಟ್ಟ ಸೀರೆಯಲ್ಲೇ ಒಲೆ ಮುಂದೆ ನಿಂತಾಗ ಆ ವಾಸನೆ ಎದ್ದರೆ ನನ್ನ ಕೈಯ ಸೌಟು ತಾನಾಗಿ ನಿಂತುಬಿಡುತ್ತದೆ. "ಅಮ್ಮಾ, ತಳ ಹಿಡೀತಿದೆ" ಎಂದು ಮಗಳು ಕೂಗುತ್ತಾಳೆ. ಹಿಡಿಯಲಿ ಬಿಡು ಎನ್ನುತ್ತೇನೆ. ಮನೆ ಹೋದ ಮೇಲೂ ಮೂಗಿನಲ್ಲಿ ಉಳಿದುಕೊಂಡ ಇಂಥದ್ದೊಂದು ವಾಸನೆ ನಿಮಗೂ ಇರಬಹುದು. ನನ್ನದು ಕಾರ್ಗಲ್ ಕಾಲೊನಿಯಲ್ಲಿ ನಾವಿದ್ದ ಪುಟ್ಟ ಕ್ವಾರ್ಟರ್ಸಿನದು.

ಅಪ್ಪನಿಗೆ ಪವರ್ ಹೌಸಿನಲ್ಲಿ ಶಿಫ್ಟ್ ಕೆಲಸ. ಅಜ್ಜಿ ತೀರಿಕೊಂಡ ಮೇಲೆ ಅಪ್ಪನ ಅಪ್ಪ, ಅಂದರೆ ನನ್ನಜ್ಜ, ಹೊಸನಗರದ ಕಡೆಯ ಊರು ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಮೂಳೆ ಕಡಿಯುವುದರಲ್ಲಿ ನೆಂಟರಿಷ್ಟರ ನಡುವೆ ಹೆಸರು ಮಾಡಿದ್ದ ಮನುಷ್ಯ ಅವರು. ನಮ್ಮ ಮನೆಗೆ ಬರುವಷ್ಟರಲ್ಲಿ ಬಾಯಲ್ಲಿ ಹಲ್ಲೇ ಇರಲಿಲ್ಲ. ಕಟ್ಟಿಸಿದ ಹಲ್ಲಿನ ಮಾತೆತ್ತಿದರೆ ಕೆಂಡವಾಗುತ್ತಿದ್ದರು. ಒಂದು ಭಾನುವಾರ ಅಪ್ಪನ ಸ್ನೇಹಿತರೊಂದಿಗೆ ಊಟಕ್ಕೆ ಕೂತಿದ್ದಾಗ, ಎಷ್ಟು ಹೊತ್ತು ನುರಿದರೂ ನುರಿಯದ ಮಾಂಸದ ತುಂಡೊಂದನ್ನು ಅಜ್ಜ ಮೆಲ್ಲಗೆ ಬಾಯಿಂದ ತೆಗೆದು ಕಡುಬಿನ ಅಡಿಗೆ ಸೇರಿಸಿದರು. ಎದುರು ಕೂತವರು ನೋಡಿ ನಕ್ಕರು. ಕೆಟ್ಟ ನಗುವೇನಲ್ಲ, ಆದರೆ ಅಜ್ಜನ ಕಿವಿ ಕೆಂಪಾಯಿತು. ಅವತ್ತು ಸಂಜೆಯೇ "ವಯಸ್ಸಾಯ್ತು, ಇನ್ನು ನಾನು ಮಾಂಸ ಬಿಟ್ಟೆ" ಎಂದು ಘೋಷಿಸಿದರು. ಅಪ್ಪ ನಂಬಿದರು. ತಮ್ಮ ತಂದೆಗೆ ಕೊನೆಗಾಲದಲ್ಲಿ ಭಕ್ತಿ ಹುಟ್ಟಿತೆಂದು ಕಾಲೊನಿಗೆಲ್ಲ ಹೇಳಿಕೊಂಡು ಬಂದರು. ಅಮ್ಮ ನಂಬಲಿಲ್ಲ. ಭಾನುವಾರ ಬಂದರೆ ಅಜ್ಜ ಎಲ್ಲರಿಗಿಂತ ಮೊದಲೇ ಮಜ್ಜಿಗೆ ಅನ್ನ ಉಂಡು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಳಗೆ ಮಸಾಲೆ ಕುದಿಯುವಾಗ ಅವರ ಮುಖ ತಾನಾಗಿ ಬಾಗಿಲ ಕಡೆ ತಿರುಗುವುದನ್ನು ಅಮ್ಮ ಅಡುಗೆಮನೆಯಿಂದಲೇ ನೋಡುತ್ತಿದ್ದಳು. ದಿನದಿಂದ ದಿನಕ್ಕೆ ಅವರ ಊಟ ಕಡಿಮೆಯಾಯಿತು, ಅಂಗಿ ದೊಗಳೆಯಾಯಿತು, ಮನೆಯವರ ಜೊತೆ ಕೂತು ಉಣ್ಣುವುದೇ ನಿಂತುಹೋಯಿತು. ಹೀಗೇ ಬಿಟ್ಟರೆ ಮಾವ ನಮಗೆ ಉಳಿಯುವುದಿಲ್ಲ ಎಂಬ ಹೆದರಿಕೆ ಅಮ್ಮನಿಗೆ.

ಅದೇ ವರ್ಷ ನನ್ನ ಮುಂದಿನ ಹಲ್ಲುಗಳು ಬಿದ್ದವು. ಅಮ್ಮನಿಗೆ ಬೇಕಾದ ನೆಪ ಸಿಕ್ಕಿತು. ಒಂದು ಬುಧವಾರ ಖೀಮಾ ತರಿಸಿದಳು. ಭಾನುವಾರದ ಗದ್ದಲದಲ್ಲಿ ಖೀಮಾ ಕೇಳಿದರೆ ಮಟನ್ ಅಂಗಡಿಯವನು ಹೊಡೆಯಲು ಬರುತ್ತಿದ್ದ. ಬುಧವಾರ ಗಿರಾಕಿ ಕಡಿಮೆ, ಕೊರಡಿನ ಮೇಲಿಟ್ಟು ನಿಧಾನಕ್ಕೆ ಕೊಚ್ಚಿ ಕೊಡುತ್ತಿದ್ದ. ಊಟಕ್ಕೆ ಮುಂಚೆ ಅಮ್ಮ ನನ್ನನ್ನು ಮೂಲೆಗೆ ಎಳೆದು, "ಅಜ್ಜ ತಿಂದ್ರೆ ಮಾತ್ರ ತಿಂತೀನಿ ಅಂತ ಹಟ ಮಾಡು" ಎಂದು ಹೇಳಿಕೊಟ್ಟಳು. ಹಟ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಾವ, ಮಗೀಗೆ ಹಲ್ಲಿಲ್ಲ ಅಂತ ಖೀಮಾ ಮಾಡಿದೀನಿ. ನೀವು ಒಂಚೂರು ತಿಂದು ತೋರ್ಸಿ, ಇಲ್ದಿದ್ರೆ ಇದು ಉಪವಾಸ ಮಲಗ್ತದೆ" ಎಂದಳು ಅಮ್ಮ.

ಅಜ್ಜ ತುಂಬ ಯೋಚಿಸಿದವರ ಹಾಗೆ ನಟಿಸಿ ತಟ್ಟೆ ಮುಂದೆ ಕೂತರು. ಆದರೆ ಆ ಖೀಮಾ ಕೆಟ್ಟದಾಗಿತ್ತು ಎನ್ನದೆ ವಿಧಿಯಿಲ್ಲ. ಅಮ್ಮ ತುಂಡು ಮಾಂಸಕ್ಕೆ ಮಾಡುವ ಹಾಗೆಯೇ ನೀರು ಸುರಿದು ಬೇಯಿಸಿದ್ದಳು. "ಎಂತದು ಮಾರಾಯ್ತಿ ಇದು, ಉಪ್ಪಿಟ್ಟಾ?" ಎಂದು ಕೇಳಿ ಅಜ್ಜ ಎದ್ದುಬಿಟ್ಟರು. ನೆಪ ಗೆದ್ದಿತ್ತು, ರುಚಿ ಸೋತಿತ್ತು.

ಅಮ್ಮ ಸೋಲೊಪ್ಪುವ ಜಾತಿಯಲ್ಲ. ಪಕ್ಕದ ಕ್ವಾರ್ಟರ್ಸಿನ ಜೈನಬಿ ಆಂಟಿಯನ್ನು ಕೇಳಿದಳು. "ನೀರು ಯಾಕೆ ಹಾಕ್ತೀರಿ? ಅದ್ರದ್ದೇ ನೀರು ಇಂಗ್ಲಿ. ಸುಮ್‌ಸುಮ್ನೆ ಕೈಯಾಡಿಸ್ಬೇಡಿ, ತಳ ಹಿಡೀಲಿ" ಎಂದರು ಅವರು. ಮುಂದಿನ ಬುಧವಾರ ಕಬ್ಬಿಣದ ಬಾಣಲೆಯಲ್ಲಿ ಖೀಮಾ ಕಂದು ಬಣ್ಣಕ್ಕೆ ತಿರುಗಿದಾಗ ಎದ್ದ ಆ ವಾಸನೆಗೆ ಅಜ್ಜ ಮೆಟ್ಟಿಲಿಂದ ಎದ್ದು ಒಳಗೆ ಬಂದು, ನೀರು ಬೇಕಾಗಿತ್ತು ಎಂದರು. ಚೊಂಬು ಅವರ ಪಕ್ಕದಲ್ಲೇ ಇತ್ತು. ಮತ್ತೊಂದು ವಾರ ಅಮ್ಮ ನಲ್ಲಿಮೂಳೆ ತರಿಸಿ, ಬೆಳಗಿನಿಂದ ಕುದಿಸಿ, ಆ ರಸವನ್ನು ಹುರಿದ ಖೀಮಾಕ್ಕೆ ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಹುರಿದ ಕೊತ್ತಂಬರಿ, ಕಾಳುಮೆಣಸು, ಇಳಿಸುವಾಗ ಒಂಚೂರು ವಾಟೆಹುಳಿ. ಬೆಂದ ಮೂಳೆಯನ್ನು ಎಸೆಯಲಿಲ್ಲ, ಅಜ್ಜನ ತಟ್ಟೆಗೆ ಹಾಕಿದಳು. ಅಜ್ಜ ಅದನ್ನು ತಟ್ಟೆಯ ಅಂಚಿಗೆ ಟಣ್ ಟಣ್ ಎಂದು ಬಡಿದು, ಒಳಗಿನದ್ದನ್ನು ಹೀರಿ, ಖಾಲಿ ಮೂಳೆಯನ್ನು ಎಲ್ಲರಿಗೂ ಕಾಣುವ ಹಾಗೆ ತಟ್ಟೆಯ ಪಕ್ಕ ಇಟ್ಟರು. ಊಟ ಮುಗಿಸಿದ ಗಂಡಸಿನ ತಟ್ಟೆಯ ಪಕ್ಕ ಮೂಳೆ ಇರಬೇಕು ಎಂಬುದು ಅವರ ಕಾಲದ ಲೆಕ್ಕ. ಅಷ್ಟು ಚೆಂದದ ಸದ್ದನ್ನು ನಾನು ಆಮೇಲೆ ಯಾವ ಮನೆಯಲ್ಲೂ ಕೇಳಲಿಲ್ಲ.

ಬುಧವಾರಗಳು ಹೀಗೆ ಸಾಗಿದವು. ಬಿಸಿ ಕಡುಬು, ಖೀಮಾ, ಕೆಳಗೆ ಸಾಲಾಗಿ ಕೂತ ನಾವು. ಅಜ್ಜನ ಕೆನ್ನೆ ತುಂಬಿತು, ಹಳೇ ಬೇಟೆಯ ಕಥೆಗಳು ಸುಳ್ಳು ಬೆರೆಸಿಕೊಂಡು ವಾಪಸ್ ಬಂದವು. ಆದರೆ ನನ್ನ ಹಲ್ಲು ಯಾರಿಗಾಗಿಯೂ ಕಾಯಲಿಲ್ಲ. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಪೇರಳೆಕಾಯಿಯನ್ನು ಕರಕ್ಕನೆ ಕಚ್ಚಿದೆ. ತಲೆಯೆತ್ತಿದರೆ ಅಜ್ಜ ಎದುರಿಗೇ ನಿಂತಿದ್ದರು. "ಬಾಯಿ ತೆಗಿ ನೋಡಾಣ" ಎಂದರು. ತೆಗೆದೆ. ಹೊಸ ಹಲ್ಲುಗಳನ್ನು ನೋಡಿದ ಅವರ ಮುಖದಲ್ಲಿ ಮೊದಲು ಸಂತೋಷ, ಹಿಂದೆಯೇ ಏನೋ ಕಳೆದುಕೊಂಡವರ ಗಾಬರಿ. ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಪುಟ್ಟಿ, ಅಮ್ಮಂಗೆ ಹೇಳ್ಬೇಡ."

ಆವತ್ತಿನಿಂದ ನಾನು ಅಮ್ಮನೆದುರು ನಗು ಬಂದಾಗಲೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡೆ. ಬುಧವಾರ ತುಟಿ ಬಿಗಿಹಿಡಿದು ಹಲ್ಲಿಲ್ಲದವಳ ಹಾಗೆ ಚಪ್ಪರಿಸುತ್ತ ಉಂಡೆ. ಅಜ್ಜ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅಮ್ಮ ತಲೆ ತಗ್ಗಿಸಿ ಬಡಿಸುತ್ತಿದ್ದಳು.

ಈಚೆಗೆ ಕಾರ್ಗಲ್ಲಿಗೆ ಹೋಗಿದ್ದೆ. ನಮ್ಮ ಸಾಲಿನ ಕ್ವಾರ್ಟರ್ಸುಗಳಿಗೆ ಈಗ ಬಾಗಿಲು ಕಿಟಕಿಗಳಿಲ್ಲ. ಅಡುಗೆಮನೆಯ ನೆಲ ಒಡೆದು ಗಿಡ ಎದ್ದಿದೆ. ಅಜ್ಜ ಕೂರುತ್ತಿದ್ದ ಮೆಟ್ಟಿಲು ಮಾತ್ರ ಇತ್ತು, ಸ್ವಲ್ಪ ಹೊತ್ತು ಕೂತುಬಂದೆ. ಜೈನಬಿ ಆಂಟಿ ಯಾವ ಊರಿಗೆ ಹೋದರೋ ಯಾರಿಗೂ ಗೊತ್ತಿಲ್ಲ.

ಅಜ್ಜ ತೀರಿಕೊಂಡದ್ದು ಅದೇ ಮನೆಯಲ್ಲಿ, ಹೊಟ್ಟೆ ತುಂಬ ಉಂಡು ಮಲಗಿದವರು ಏಳಲಿಲ್ಲ. ಕಾರ್ಯವೆಲ್ಲ ಮುಗಿದು, ಬಂದ ನೆಂಟರೂ ಹೋಗಿ, ಮತ್ತೆ ಬುಧವಾರ ಬಂತು. ಶಾಲೆಯಿಂದ ಬಂದವಳು ಚೀಲ ಇಳಿಸಿ, ಅಭ್ಯಾಸಬಲದಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ, "ಅಮ್ಮಾ, ಇವತ್ತು ಖೀಮಾ ಅಲ್ವಾ?" ಎಂದು ಕೇಳಿದೆ. ಅಮ್ಮ ಹತ್ತಿರ ಬಂದು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ನಿಂಗೆ ಹಲ್ಲು ಬಂದು ಎಷ್ಟೋ ಕಾಲ ಆಯ್ತಲ್ಲೇ" ಎಂದಳು. ಆಮೇಲೆ ಸೆರಗಿನಿಂದ ತನ್ನ ಬಾಯಿ ಮುಚ್ಚಿಕೊಂಡು ಅತ್ತಳು.