ಕಂಪ್ಯೂಟರಿನ ಕೌದಿ

ಇಂದು ಬೆಳಿಗ್ಗೆ ಟ್ರಂಕಿನ ಮುಚ್ಚಳ ತೆಗೆದೆ. ಒಣಗಿದ ಬೇವಿನ ಎಲೆಯ ವಾಸನೆಯ ಹಿಂದೆಯೇ ಇನ್ನೊಂದು ವಾಸನೆ ಬಂತು, ಕಾದ ಧೂಳಿನದು. ತಳದಲ್ಲಿ ಆ ಸಣ್ಣ ಕೌದಿ ಮಡಿಚಿಕೊಂಡು ಕೂತಿತ್ತು. ನಮ್ಮವರ ಹಳೆಯ ಧೋತರ, ನನ್ನ ಇಳಕಲ್ ಸೀರೆಯ ಸೆರಗು, ಮೊಮ್ಮಗಳು ಸುನಂದಾಳ ಶಾಲೆಯ ನೀಲಿ ಲಂಗ, ಎಲ್ಲ ಅದರಲ್ಲಿವೆ. ಇಷ್ಟು ಸಣ್ಣದನ್ನು ಯಾವ ಕೂಸಿಗೆ ಹೊಲಿದೆ ಎಂದು ನೀವು ಕೇಳಬಹುದು. ಕೂಸಿಗಲ್ಲ, ಕಂಪ್ಯೂಟರಿಗೆ ಹೊಲಿದದ್ದು.

ನಗುವುದಿದ್ದರೆ ನಗಿ. ಇಂದು ನನಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಸುನಂದಾ ಮೊನ್ನೆ ಹೆಣ್ಣು ಹಡೆದಿದ್ದಾಳೆ. ಮಧ್ಯಾಹ್ನ ದವಾಖಾನೆಯಿಂದ ಕೂಸಿನ ಸಂಗಡ ಇಲ್ಲಿಗೆ, ಜೇವರ್ಗಿಯ ತವರುಮನೆಗೆ ಬರುತ್ತಾಳೆ. ನೆರೆಮನೆಯವರಿಗೆಲ್ಲ ಸಕ್ಕರೆ ಹಂಚಿ ಆಯಿತು. ದಾರಿಯಲ್ಲಿ ಹೋಗುವ ತರಕಾರಿ ಗಾಡಿಯವನಿಗೂ ಕೊಟ್ಟೆ, ಅವನು ಯಾರೆಂದು ಕೇಳದೆ.

ಆ ಕಂಪ್ಯೂಟರು ನಮ್ಮ ಮನೆಗೆ ಬಂದಾಗಲೇ ಮುದಿಯಾಗಿತ್ತು. ಬಸ್ ನಿಲ್ದಾಣದ ಹಿಂದಿನ ಟೈಪಿಂಗ್ ಕ್ಲಾಸು ಬಾಗಿಲು ಮುಚ್ಚಿದಾಗ ನನ್ನ ಮಗ ಅದನ್ನು ಆಟೋದಲ್ಲಿ ಹಾಕಿಕೊಂಡು ತಂದ. ಗುಂಡಿ ಒತ್ತಿದರೆ ಚಹಾ ಕುದಿಯುವಷ್ಟು ಹೊತ್ತಿಗೆ ಕಣ್ಣು ಬಿಡುತ್ತಿತ್ತು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ವಯಸ್ಸಾದವರು ಏಳುವುದು ತಡ ಎಂಬುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ.

ಆಗ ತೊಗರಿ ರಾಶಿಯ ದಿನಗಳು. ಮಗ, ಸೊಸೆ ಹೊಲದಲ್ಲಿ. ಹೊಟ್ಟಿನ ಧೂಳು ಮನೆಯೊಳಗೆಲ್ಲ. ನೆಲದ ಮೇಲಿಟ್ಟ ಕಂಪ್ಯೂಟರಿನ ದೊಡ್ಡ ಪೆಟ್ಟಿಗೆಗೆ ಧೂಳು ಬೀಳಬಾರದೆಂದು ಗೇಣಿನಿಂದ ಅಳೆದು ಕೌದಿ ಹೊಲಿದೆ. ನನ್ನ ತವರು ಹಿರೋಳ್ಳಿಯಲ್ಲಿ ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದರು. ಕೌದಿ ಉಪವಾಸವಿದ್ದರೆ ಹೊದ್ದವರ ಹೊಟ್ಟೆಯೂ ತುಂಬುವುದಿಲ್ಲ ಎನ್ನುತ್ತಿದ್ದಳು ನನ್ನವ್ವ. ಕಂಪ್ಯೂಟರಿಗೆ ಹೊಟ್ಟೆ ಇದೆಯೋ ಇಲ್ಲವೋ, ಪದ್ಧತಿ ಬಿಡಲು ಮನಸ್ಸಾಗಲಿಲ್ಲ.

ಸುನಂದಾಳಿಗೆ ಕಣ್ಣು ಪರೀಕ್ಷೆ ಮಾಡುವ ಕೋರ್ಸಿಗೆ ಸೇರುವ ಆಸೆ. ಅದರ ಪ್ರವೇಶ ಪರೀಕ್ಷೆಯನ್ನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕಿತ್ತು. ಫೋನಿನಲ್ಲಿ ಬರೆಯುವ ಹಾಗಿಲ್ಲ. ಸೀಟು ಸಿಗದಿದ್ದರೆ ಬಂದಿರುವ ವರನಿಗೆ ಹೂಂ ಅನ್ನುವುದೆಂದು ಮನೆಯಲ್ಲಿ ಮಾತಾಗಿತ್ತು. ಹುಡುಗಿ ಪುಸ್ತಕ ಹಿಡಿದು ಓದುತ್ತ ಕೂತಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕೂಗಿದಳು. "ಆಯಿ, ನೆಟ್ ಬರ್ತದ, ಹೋಗ್ತದ. ಮ್ಯಾಲ ಕಂಪ್ಯೂಟರ್ ತಾನೇ ಬಂದ್ ಬೀಳಾಕತ್ತದ."

ನಮ್ಮವರು ಹೊರಸಿನ ಮೇಲಿಂದಲೇ ಅಂದರು: "ನಮ್ಮ ಅಳಿಯನ ಗುಣ ಬಡದದ ಅದಕ್ಕ. ಬಂದ್ರ ನಿಲ್ಲಂಗಿಲ್ಲ, ನಿಂತ್ರ ಮಾತಾಡಂಗಿಲ್ಲ."

"ಸುಮ್ಮಕಿರು ಮುತ್ಯಾ."

ಗೋಡೆಯ ಮೇಲಿನ ನೆಟ್ಟಿನ ಡಬ್ಬಿಯನ್ನು ಆರಿಸಿ, ತುಸು ತಡೆದು ಮತ್ತೆ ಹಚ್ಚಿದಳು. ಫೋನಿನಲ್ಲಿ ನೋಡಿದರೆ ನೆಟ್ಟು ಚೆನ್ನಾಗಿಯೇ ಬರುತ್ತಿತ್ತು. "ಡಬ್ಬಿದು ತಪ್ಪಿಲ್ಲ. ತಪ್ಪು ಈ ಕಡೀಗೇ ಅದ," ಅಂದಳು. ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ವಾಯರು ಬದಲಿಸಿದಳು. ಅದೇ ಹಾಡು. ಕೊನೆಗೆ ಕೌದಿಯ ಒಳಗೆ ಕೈ ಹಾಕಿದವಳು ಝಟ್ಟನೆ ಹಿಂದೆಗೆದಳು.

"ಆಯಿ, ಇದಕ್ಕ ಜ್ವರ ಬಂದಾವ ನೋಡು. ಚಾಲೂ ಇದ್ದಾಗೂ ಹೊದಿಸ್ತಿ ಏನು?"

"ಧೂಳ ಬೀಳ್ತದಂತ ಹೊದಿಸೇನಿ."

"ಉಸಿರು ಕಟ್ಟಿ ಬೀಳಾಕತ್ತದ ಅದು."

ಕರೆಂಟಿನ ಪಿನ್ನು ಕಿತ್ತು, ಕೌದಿಯನ್ನು ತೆಗೆದು ನೆಲಕ್ಕಿಟ್ಟು, ಪೆಟ್ಟಿಗೆಯ ಮಗ್ಗಲು ಬಿಚ್ಚಿದಳು. ಒಳಗಿನ ಸಣ್ಣ ಫ್ಯಾನಿಗೆ ಧೂಳು ಹತ್ತಿಯ ಹಾಗೆ ಮೆತ್ತಿತ್ತು. ಬಣ್ಣ ಹಚ್ಚುವ ಬ್ರಷ್ಷಿನಿಂದ ಮೆಲ್ಲಗೆ ಬಳಿದು ತೆಗೆದಳು. ಮತ್ತೆ ಹಚ್ಚಿದ ಮೇಲೆ ಕಂಪ್ಯೂಟರು ಬಂದ್ ಬೀಳಲಿಲ್ಲ. ಆದರೆ ನೆಟ್ಟು ಮಾತ್ರ ಮೊದಲಿನಂತೆಯೇ ಬಂದು ಹೋಗುತ್ತಿತ್ತು. ಬೆನ್ನ ಕಡೆ ಟಾರ್ಚು ಬಿಟ್ಟು ನೋಡಿದಳು. ವಾಯರು ಸಿಗಿಸುವ ತೂತಿನೊಳಗೆ ಕೆಂಪಿರುವೆ. ಅಲ್ಲಿಂದ ಹೊರಟ ಸಾಲು ನೆಲಕ್ಕಿಳಿದು ಸೀದಾ ನನ್ನ ಕೌದಿಯ ಮೂಲೆಗೆ ಹೋಗಿ ಮುಟ್ಟಿತ್ತು.

ನಮ್ಮವರು ಎದ್ದು ಬಂದು ಬಗ್ಗಿ ನೋಡಿದರು. "ಮಂದಿ ಕಂಪ್ಯೂಟರ್‌ಗೆ ಕರೆಂಟ್ ಕೊಡ್ತಾರ. ಇಕಿ ಹೋಳಗಿ ಉಣಿಸ್ಯಾಳ."

ಸುನಂದಾ ನಗಲಿಲ್ಲ. "ನಾಳಿ ಮುಂಜಾನೆ ಪರೀಕ್ಷಾ ಅದ ಆಯಿ," ಅಂದಳು, ಅಷ್ಟೇ. ಕಣ್ಣು ತುಂಬಿತ್ತು. ಇರುವೆಪುಡಿಯ ಡಬ್ಬಿಗೆ ಕೈ ಹಾಕಿದಳು.

ಆ ಕೈ ಹಿಡಿದೆ. "ಪುಡಿ ತೂತಿನ್ಯಾಗ ಹೋದ್ರ ಅದೂ ಕೆಡ್ತದ. ಇರುವಿ ಬಡದ್ರ ಹೋಗಂಗಿಲ್ಲ ಬೇ, ಕರದ್ರ ಹೋಗ್ತಾವ." ಕಂಪ್ಯೂಟರಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ, ಆದರೆ ಇರುವೆಯ ಸಂಗಡ ಬಾಳುವೆ ಮಾಡಿ ತಲೆ ಹಣ್ಣಾಗಿದೆ. ಕೌದಿಯ ಮೂಲೆ ಬಿಚ್ಚಿ ಹೋಳಿಗೆಯ ಚೂರನ್ನು ಅಂಗಳದ ಗೋಡೆಯ ಬುಡಕ್ಕೆ ಇಟ್ಟೆ. ಪೆಟ್ಟಿಗೆಯಿಂದ ಅಲ್ಲಿಯವರೆಗೆ ಸಕ್ಕರೆಯ ತೆಳ್ಳನೆ ಗೆರೆ ಎಳೆದೆ. ಮೂವರೂ ಬಾಗಿಲಲ್ಲಿ ಕೂತು ಕಾದೆವು. ಮೊದಲು ಒಂದು ಬಂದು ಮೂಸಿ ಹಿಂದಿರುಗಿತು. ಊರಿಗೆ ಸುದ್ದಿ ಮುಟ್ಟಿಸಿರಬೇಕು, ಆಮೇಲೆ ಸಾಲೇ ಹೊರಟಿತು, ಕೆಲವು ಬಾಯಲ್ಲಿ ಬಿಳಿಯ ತತ್ತಿ ಕಚ್ಚಿಕೊಂಡು.

ದೀಪ ಹಚ್ಚುವ ಹೊತ್ತಿಗೆ ತೂತು ಖಾಲಿ. ಸುನಂದಾ ಒಣ ಬ್ರಷ್ಷಿನಿಂದ ಅದನ್ನು ತಿಕ್ಕಿ ವಾಯರು ಸಿಗಿಸಿದಳು. ಬೆನ್ನ ಮೇಲಿನ ಹಸಿರು ದೀಪ ಹತ್ತಿತು, ಮತ್ತೆ ಆರಲಿಲ್ಲ. ನಮ್ಮ ದೇವರ ದೀಪವನ್ನೂ ನಾನು ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ.

ಮರುದಿನ ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ವರ ಬೇರೆ ಕಡೆ ಹೆಣ್ಣು ನೋಡಿಕೊಂಡ, ಪಾಪ, ಅವನೂ ಚೆನ್ನಾಗಿರಲಿ. ಸುನಂದಾ ಓದು ಮುಗಿಸಿ, ತನಗೆ ಒಪ್ಪಿದ ಅತನೂರಿನ ಹುಡುಗನನ್ನು ಮದುವೆಯಾಗಿ, ಅಫಜಲಪುರದಲ್ಲಿ ಮಂದಿಯ ಕಣ್ಣು ನೋಡುತ್ತಾಳೆ. ನನ್ನ ಮೂಗಿನ ಮೇಲಿನ ಈ ಚಾಳೀಸು ಅವಳೇ ಕೊಟ್ಟದ್ದು. ಆ ಕಂಪ್ಯೂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಮೂಲೆ ಬಿಚ್ಚಿದ ಕೌದಿ ಮಾತ್ರ ಹಾಗೆಯೇ ಉಳಿದಿತ್ತು.

ಇಂದು ಬೆಳಿಗ್ಗೆಯೇ ಅದನ್ನು ಒಗೆದು ಬಿಸಿಲಿಗೆ ಹಾಕಿದೆ. ಒಣಗಿದ ಮೇಲೆ ಚಾಳೀಸು ಏರಿಸಿ ಸೂಜಿ ಹಿಡಿದೆ. ಒಂದೇ ಸಲಕ್ಕೆ ದಾರ ಹೋಯಿತು. ಅಷ್ಟರಲ್ಲಿ ಸುನಂದಾಳ ಫೋನು.

"ಆಯಿ, ಏನ್ ಮಾಡಾಕತ್ತಿ?"

"ಕೌದಿ ಮೂಲಿ ಹೊಲಿಯಾಕತ್ತೇನಿ."

"ಹೋಳಗಿ ಇಟ್ಟಿ ಅಂದ್ರ ನೋಡು ಮತ್ತ."

"ಇಲ್ಲ ಬೇ. ಒಣ ರೊಟ್ಟಿ ಚೂರು. ಬೆಲ್ಲ ಮುಟ್ಟಿಲ್ಲ."

ಆ ಕಡೆ ಅವಳು ನಕ್ಕಳು, ಅಂದು ನಗದೇ ಉಳಿದದ್ದನ್ನೂ ಸೇರಿಸಿ.

ಮಧ್ಯಾಹ್ನ ತಾಯಿ, ಕೂಸು ಇಬ್ಬರೂ ಬಂದರು. ಈಗ ಕೂಸು ನನ್ನ ತೊಡೆಯ ಮೇಲಿದೆ. ಕೌದಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ. ಎದೆಯವರೆಗೆ ಹೊದಿಸಿದೆ, ಮೂಗು ಬಾಯಿ ತೆರೆದೇ ಬಿಟ್ಟೆ. ಚಾಲೂ ಇರುವುದಕ್ಕೆ ಗಾಳಿ ಬೇಕು, ಅಷ್ಟನ್ನು ಕಲಿತಿದ್ದೇನೆ. ಬಗ್ಗಿ ಕಿವಿಗೊಟ್ಟೆ. ಒಳಗೆ ಸಣ್ಣಗೆ, ಗುರ್ ಗುರ್ ಎಂದು, ಎಲ್ಲ ಸರಿಯಾಗಿ ನಡೆಯುತ್ತಿತ್ತು.