ಕಾಕಾನ ಕನ್ನಡ ಪರೀಕ್ಷೆ ಮತ್ತು ನನ್ನ ಪತ್ತೇದಾರಿಕೆ

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಹದಿನಾಲ್ಕು. ಭಾಲ್ಕಿಯ ವಾಚನಾಲಯಕ್ಕೆ ಮೈಸೂರಿನ ಕಡೆಯಿಂದ ಒಂದು ಪೆಟ್ಟಿಗೆ ಪುಸ್ತಕ ಬಂತು, ನಮ್ಮ ಕಾಕಾನ ಕಚೇರಿಗೆ ಒಂದು ಹುಕುಂ ಬಂತು. ಪೆಟ್ಟಿಗೆಯಲ್ಲಿ ಒಂದೇ ಒಂದು ಪತ್ತೇದಾರಿ ಕಾದಂಬರಿ. ಹುಕುಮಿನಲ್ಲಿ ಒಂದೇ ಮಾತು: ಆರು ತಿಂಗಳಲ್ಲಿ ಕನ್ನಡ ಪರೀಕ್ಷೆ ಪಾಸಾಗದ ಗುಮಾಸ್ತನಿಗೆ ನೌಕರಿ ಇಲ್ಲ.

ಕಾಕಾ ಹುಟ್ಟಿದಾಗಿನಿಂದ ಕನ್ನಡದಲ್ಲೇ ನಕ್ಕು, ಅತ್ತು, ಬೈದವರು. ಆದರೆ ನಿಜಾಮರ ಕಾಲದ ಸಾಲಿ ಕಲಿಸಿದ್ದು ಉರ್ದು; ಕನ್ನಡ ಸಾಲಿ ಬಂದದ್ದು ನನ್ನ ಕಾಲಕ್ಕೆ. ಅವರಿಂದ ಉರ್ದುವಿನಲ್ಲಿ ಅರ್ಜಿ ಬರೆಸಲು ಔರಾದದಿಂದ ಬಸ್ಸು ಹತ್ತಿ ಜನ ಬರುತ್ತಿದ್ದರು. "ಮನಿ ಮಾತಿನಾಗ ಯಾರರ ಫೇಲ್ ಆಗ್ತಾರೇನು?" ಎಂದು ಅವರು ಮೀಸೆ ತಿರುವಿದಾಗ ಮನೆಯವರೆಲ್ಲ ತಲೆಯಾಡಿಸಿದೆವು. ಅಕ್ಷರ ಬರುತ್ತದೆಯೇ ಎಂದು ಹಿರಿಯರನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ನಾನು ಅರ್ಧ ಓದುವಷ್ಟರಲ್ಲಿ ಕಾದಂಬರಿ ವಾಚನಾಲಯದ ಕಪಾಟಿನಿಂದ ಮಾಯವಾಯಿತು. ಎಂಟು ದಿನಕ್ಕೆ ತಾನಾಗಿಯೇ ಮರಳಿತು. ಕೊನೆಯ ಹತ್ತು ಪುಟಗಳಲ್ಲಿ ಅಕ್ಷರಕ್ಕೊಂದು ಪೆನ್ಸಿಲ್ ಚುಕ್ಕೆ, ಮೂಲೆಯಲ್ಲಿ ನಶ್ಯ ಮೆತ್ತಿದ ಹೆಬ್ಬೆರಳಿನ ಗುರುತು. ಕೊಲೆಗಾರ ಯಾರೆಂದು ಓದಿ ಮುಗಿಸಿದೆನಾದರೂ ಒಳಗಿನ ಕೊಲೆಗಿಂತ ಹೊರಗಿನ ಕಳ್ಳತನವೇ ನನಗೆ ದೊಡ್ಡದಾಯಿತು. ಕಳ್ಳ ತಾಳ್ಮೆಯಿಲ್ಲದವನು, ನೇರ ಕೊನೆಗೇ ಹಾರಿದ್ದಾನೆ ಎಂದು ತೀರ್ಮಾನಿಸಿದೆ.

ನಶ್ಯ ಸೇದುವ ದರ್ಜಿಯ ಬೆರಳಚ್ಚು ಹಿಡಿಯಲು ಅವನ ಕತ್ತರಿಗೆ ಜೋಳದ ಹಿಟ್ಟು ಉದುರಿಸಿದೆ.

"ಯಾನವ್ವಾ, ನನ್ನ ಕತ್ರಿಗಿ ರೊಟ್ಟಿ ಬಡಿಲಕತ್ತೀಯೇನು?" ಎಂದ.

ವಾಚನಾಲಯದ ಬೀಗದ ಕೈ ನಮ್ಮ ಮನೆಯ ಗೂಟದಲ್ಲೇ ತೂಗುತ್ತಿತ್ತು. ಕಾಕಾ ಅದರ ಕಾರ್ಯದರ್ಶಿ. ಅದನ್ನು ಮಾತ್ರ ಈ ಪತ್ತೇದಾರಳು ನೋಡಲಿಲ್ಲ.

ಒಂದು ಬೆಳಿಗ್ಗೆ ಸಾಯಗಾಂವ ಹಳ್ಳಿಯ ಮುದುಕರೊಬ್ಬರು ಅರ್ಜಿ ಬರೆಸಲು ಬಂದು ಕೂತಿದ್ದರು. ಕಾಕಾ ಚಿಟಿಕೆ ನಶ್ಯ ಏರಿಸಿ, ಉರ್ದು ಪುಸ್ತಕ ತೆರೆದರು. ನಮಗೆ ಹಿಂದಿನ ರಟ್ಟು, ಉರ್ದುವಿಗೆ ಅದೇ ಮುಂದಿನದು. ತಾಳ್ಮೆ ಇಲ್ಲದವನಲ್ಲ ಕಳ್ಳ, ಕೊನೆಯ ಪುಟವನ್ನೇ ಮೊದಲನೆಯದೆಂದು ತಿಳಿದವನು!

"ಕಾಕಾ, ನೀವೇ ಕಳ್ಳರು! ಕಾದಂಬರಿ ಹಿಂದಿನಿಂದ ಓದೀರಿ!"

ಕಾಕಾ ಉರ್ದು ಪುಸ್ತಕ ತಟ್ಟನೆ ಮುಚ್ಚಿದರು. ಮಕ್ಕಳ ಬಾಲಬೋಧೆ ಹಿಡಿದರೆ ಊರು ನಕ್ಕೀತೆಂದು ಅವರು ಕಾದಂಬರಿಯಲ್ಲಿ ಅಕ್ಷರ ಕಲಿಯುತ್ತಿದ್ದರು. ನಾನು ಅದನ್ನು ಹೊರಗಿನವರ ಎದುರಿಗೇ ಬಯಲು ಮಾಡಿದ್ದೆ.

ಮುದುಕರು ಕೆಮ್ಮಿದರು. "ಸಾಹೇಬ್ರ, ನಿಮಗ ಕನ್ನಡ ಓದ್ಲಕ್ಕ ಬರಲ್ಲೇನ್ರಿ?"

"ಬರಲ್ಲಪಾ."

"ನನಗೂ ಬರಲ್ರಿ. ಈ ಪೋರಿಗಿ ಬರ್ತದಲ್ಲ, ಕಲಸ್ತಾಳ ಬಿಡ್ರಿ. ಕಳ್ರನ್ನ ಹಿಡಿಯೂ ಕೆಲಸ ಪೊಲೀಸರಿಗೆ ಅದ."

ಅಂದಿನಿಂದ ನಾನು ಪತ್ತೇದಾರಿಕೆ ಬಿಟ್ಟು ಮಾಸ್ತರಳಾದೆ. ಬಾಲಬೋಧೆ ಮುಟ್ಟಲು ಕಾಕಾ ಆಗಲೂ ಒಪ್ಪಲಿಲ್ಲ, ಹಾಗಾಗಿ ಪಠ್ಯ ವಾಚನಾಲಯದ ಅದೇ ಕಾದಂಬರಿ. ಈ ಸಲ ಮೊದಲ ಪುಟದಿಂದ. ಬೀದರಿನಲ್ಲಿ ಪರೀಕ್ಷೆಯಾಯಿತು. ತಪ್ಪಿಸಿಕೊಂಡ ಎಮ್ಮೆಯ ಬಗ್ಗೆ ವರದಿ ಬರೆಯಿರಿ ಎಂದು ಕೇಳಿದ್ದರು. ಕಾಕಾನಿಗೆ ಬರೆಯಲು ಬರುತ್ತಿದ್ದ ಕನ್ನಡವೆಲ್ಲ ಆ ಕೊಲೆ ಕಾದಂಬರಿಯದು. ಬರೆದರು: "ಎಮ್ಮೆ ನಿಗೂಢವಾಗಿ ಕಣ್ಮರೆಯಾಗಿದೆ. ಹೆಜ್ಜೆಗುರುತುಗಳು ಬಾವಿಯತ್ತ ಸಾಗಿವೆ. ಗೌಳಿಗನ ನಗೆಯಲ್ಲಿ ಕ್ರೌರ್ಯವಿದೆ."

ಮೈಸೂರಿನ ಸಾಹೇಬರು ಪಾಸು ಮಾಡಿದರು. ನೌಕರಿ ಉಳಿಯಿತು. ಆಮೇಲೆ ಕಾಕಾನ ಕಚೇರಿಯಿಂದ ಹೊರಟ ಹಳ್ಳದ ಒಡ್ಡಿನ ಟಿಪ್ಪಣಿ ಓದಿದರೂ ಮೇಲಧಿಕಾರಿಗಳ ಮೈ ಜುಮ್ಮೆನ್ನುತ್ತಿತ್ತು.